ಹಾರಂಗಿ ತುಂಬಿದ ದಿನದ ವಾರ್ತೆ

ಏಪ್ರಿಲ್ 8, ಮಂಗಳವಾರ

ಕಾಫಿ ಹೂವಿಗೆ ಬೇಕಾದಾಗ ಬಾರದ ಮಳೆ ಇವತ್ತು ಸಂಜೆ ಸಿಡಿಲನ್ನೂ ಜೊತೆಗೆ ಕರೆದುಕೊಂಡು ಬಂತು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಕೇಬಲ್ ಕಿತ್ತಿಡಿ ಎಂದು ಶನಿವಾರಸಂತೆ ಊರಿಗೆಲ್ಲ ಬುದ್ಧಿ ಹೇಳುವ ಟಿವಿ ರಿಪೇರಿಯವನು ನಾನು. ನಮ್ಮ ಮನೆಯಲ್ಲಿ ಯಾರೂ ಕೀಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಕರೆಂಟು ಹೋಗಿ ಬಂದಾಗ ಬೀದಿಯ ಎಲ್ಲ ಮನೆಗಳಲ್ಲೂ ದೀಪ ಹತ್ತಿತು, ನಮ್ಮ ಟಿವಿ ಮಾತ್ರ ಕಣ್ಣು ಬಿಡಲಿಲ್ಲ. ಹಿಂದೆ ಮೂಗಿಟ್ಟು ನೋಡಿದೆ. ಸುಟ್ಟ ವಾಸನೆ.

ಕುಸುಮಾ ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆ.

“ಎಷ್ಟೊತ್ಗೆ ಸರಿ ಆಯ್ತದ್ರೀ?”

“ನಾಳೆ ಸಂಜೆಗೆ.”

“ಏಳೂವರೆ ಒಳಗೆ?”

“ಒಳಗೇ.”

ಏಳೂವರೆ ಅವಳ ಹೊತ್ತು. ಪೆನ್‌ಡ್ರೈವ್ ಸಿಕ್ಕಿಸಿ, ಮಗಳು ಊರಿನ ಕೇಬಲ್ ಚಾನೆಲ್ಲಿನಲ್ಲಿ ಓದಿದ ಅದೇ ಒಂದು ವಾರ್ತೆ ಹಾಕಿಕೊಂಡು ಕೂರುತ್ತಾಳೆ. ಎರಡು ವರ್ಷದಿಂದ, ಒಂದು ದಿನವೂ ತಪ್ಪದೆ. ಆ ಹೊತ್ತಿಗೆ ನನಗೆ ಅಂಗಡಿಯಲ್ಲಿ ಕೆಲಸ ಇರುತ್ತದೆ. ನಾನು ನೋಡಿಲ್ಲ.

ಏಪ್ರಿಲ್ 9, ಬುಧವಾರ

ಟಿವಿಯನ್ನು ಅಂಗಡಿಗೆ ತಂದು ಬಿಚ್ಚಿದೆ. ಹೋಗಿರುವುದು ಪವರ್ ಸಪ್ಲೈ. ಫ್ಯೂಸು ಒಳಗೆಲ್ಲ ಕಪ್ಪಾಗಿದೆ, ಸ್ವಿಚಿಂಗ್ ಮಾಡುವ ಮಾಸ್‌ಫೆಟ್ ಶಾರ್ಟ್, ಅದರ ಪಕ್ಕದ ಐಸಿಯ ಹೊಟ್ಟೆ ಒಡೆದಿದೆ. ಪಕ್ಕದಲ್ಲಿರುವ ಮೇನ್ ಬೋರ್ಡಿಗೆ ಹೊರಗಿನಿಂದ ಗಾಯ ಕಾಣುವುದಿಲ್ಲ. ಒಳಗಿನದು ಶಿವನಿಗೇ ಗೊತ್ತು. ಅದನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ.

ಸುಟ್ಟದ್ದನ್ನೆಲ್ಲ ಬದಲಾಯಿಸಿದೆ. ಇನ್ನೇನು ಕರೆಂಟು ಕೊಡಬೇಕು, ಟೆಸ್ಟ್ ಬಲ್ಬು ಕೈಜಾರಿ ಬಿದ್ದು ಒಡೆಯಿತು. ರಿಪೇರಿ ಮಾಡಿದ ಬೋರ್ಡನ್ನು ನಾವು ಯಾರೂ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವುದಿಲ್ಲ. ಮಧ್ಯದಲ್ಲಿ ನೂರು ವ್ಯಾಟಿನ ಹಳೇ ಕಾಲದ ಬಲ್ಬು ಸೇರಿಸುತ್ತೇವೆ. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿದು ಏಟನ್ನು ತಾನು ತಿನ್ನುತ್ತದೆ, ಬೋರ್ಡು ಉಳಿಯುತ್ತದೆ. ಎದುರುಗಡೆ ಎಲೆಕ್ಟ್ರಿಕಲ್ ಅಂಗಡಿಯ ಗಂಗಣ್ಣನನ್ನು ಕೇಳಿದರೆ ನಕ್ಕುಬಿಟ್ಟ.

“ಈಗೆಲ್ಲಿ ಸಿಕ್ತದೆ ಮಾರಾಯ ಆ ಬಲ್ಬು? ಎಲ್ಲಾ ಎಲ್‌ಇಡಿನೇ. ನೀನು ಹೊಸ ಟಿವಿನೇ ತಗಂಬಿಡು.”

“ಹೊಸ ಟಿವಿಲಿ ಮಗಳ ವಾರ್ತೆ ಓಡಲ್ಲ ಗಂಗಣ್ಣ. ಟಿವಿ ರಿಮೋಟಲ್ಲಿ ರೆಕಾರ್ಡ್ ಮಾಡಿದ್ದು ಅದೇ ಟಿವಿಲಿ ಮಾತ್ರ ಓಡೋದು. ಟಿವಿ ಅದಕ್ಕೊಂದು ಬೀಗ ಹಾಕಿರ್ತದೆ, ಬೀಗದ ಕೈ ಆ ಟಿವಿ ಮೇನ್ ಬೋರ್ಡಲ್ಲಿರ್ತದೆ.”

“ಕೇಬಲ್ ಆಫೀಸಲ್ಲಿ ಇರ್ಬೇಕಲ್ಲ ಮತ್ತೆ?”

“ಅವ್ನು ಮುಚ್ಚಿ ಹೋಗಿ ಕಂಪ್ಯೂಟರೆಲ್ಲ ಗುಜರಿಗೆ ಹಾಕಾಯ್ತು.”

“ಅಲ್ಲ, ಟಿವಿ ಮುಂದೆ ನಿಂತು ಮೊಬೈಲಲ್ಲಿ ಹಿಡ್ಕಬಹುದಿತ್ತಲ್ಲ ನೀವಿಬ್ರು?”

ಬಲ್ಬು ಸಿಗದೆ ವಾಪಸು ಬಂದೆ. ಕುಸುಮಾಳನ್ನು ನಾನೇ ಒಮ್ಮೆ ಕೇಳಿದ್ದೆ. “ಮೊಬೈಲಲ್ಲಿ ಬೆರಳಷ್ಟಾಗ್ತಾಳೆ, ಬೇಡ” ಅಂದಿದ್ದಳು. ಮಗಳಿದ್ದಾಗ ಮನೆಯ ವಿಡಿಯೋಗಳನ್ನೆಲ್ಲ ಹಿಡಿಯುತ್ತಿದ್ದದ್ದು ಅವಳೇ, ಹಾಗಾಗಿ ಒಂದರಲ್ಲೂ ಅವಳಿಲ್ಲ.

ದೇವರ ಗೂಡಿನಲ್ಲಿ ಹಳದಿ ಬೆಳಕು ಬರಲಿ ಎಂದು ಕುಸುಮಾ ನಲವತ್ತು ವ್ಯಾಟಿನ ಹಳೇ ಬಲ್ಬೊಂದನ್ನು ಉಳಿಸಿಕೊಂಡಿದ್ದಳು. ಅದನ್ನೇ ಬಿಚ್ಚಿ ತಂದೆ. ಇವತ್ತಿನ ಮಟ್ಟಿಗೆ ಶಿವ ಕತ್ತಲಲ್ಲಿರಲಿ.

ಹಾಕಿದೆ. ಬೋರ್ಡನ್ನು ಖಾಲಿ ಬಿಟ್ಟರೆ ಹನ್ನೆರಡು ವೋಲ್ಟ್ ಬಂದು ನಿಲ್ಲುತ್ತದೆ. ಮೇನ್ ಬೋರ್ಡಿನ ಬದಲು ಬೈಕಿನ ಬಲ್ಬೊಂದನ್ನು ಭಾರವಾಗಿ ಹೊರಿಸಿದರೆ ಕುಸಿದು ಬೀಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಟಿಕ್, ಟಿಕ್, ಟಿಕ್. ಏಳೂವರೆ ಆಗಿಹೋಯಿತು.

ಏಪ್ರಿಲ್ 11, ಶುಕ್ರವಾರ

ಎರಡು ದಿನ ಅದೇ ಟಿಕ್ ಟಿಕ್. ಕೆಪ್ಯಾಸಿಟರ್‌ಗಳನ್ನು ಒಂದೂ ಬಿಡದೆ ಬದಲಾಯಿಸಿದೆ. ವೋಲ್ಟೇಜಿನ ಸುದ್ದಿಯನ್ನು ಆ ಕಡೆಯಿಂದ ಈ ಕಡೆಗೆ ಮುಟ್ಟಿಸುವ ಆಪ್ಟೋ ಬದಲಾಯಿಸಿದೆ. ಡಯೋಡುಗಳನ್ನು ಕಿತ್ತು ಅಳೆದೆ, ಸರಿ ಇದ್ದವು, ಆದರೂ ಹೊಸದು ಹಾಕಿದೆ. ಭಾರ ಬಿದ್ದ ಕೂಡಲೇ ಕುಸಿತ. ಇಂಥ ಕಂಪ್ಲೇಂಟನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ಹಿಡಿಯುತ್ತಿದ್ದವನು ನಾನು. ಊರವರ ಸೆಟ್ಟುಗಳು ಮೂಲೆಯಲ್ಲಿ ಪೇರಿಕೊಂಡಿವೆ. ಕೇಳಲು ಬಂದವರ ಮೇಲೆಲ್ಲ ರೇಗುತ್ತಿದ್ದೇನೆ.

ಮನೆಗೆ ಹೋದಾಗ ಕುಸುಮಾ ಅಕ್ಕಿರೊಟ್ಟಿ ತಟ್ಟುತ್ತ ಮಾತಾಡುತ್ತಿದ್ದಳು. ಯಾರೋ ಬಂದಿದ್ದಾರೆ ಅಂದುಕೊಂಡೆ. ಯಾರೂ ಇರಲಿಲ್ಲ. ವಾರ್ತೆ ಹೇಳಿಕೊಳ್ಳುತ್ತಿದ್ದಳು.

“ಹಾರಂಗಿ ಜಲಾಶಯ ಭರ್ತಿಯಾಗಿದ್ದು, ಹೆಚ್ಚುವರಿ ನೀರನ್ನು ನದಿಗೆ ಬಿಡಲಾಗುತ್ತಿದೆ. ನದಿಪಾತ್ರದ ಜನರು ಎಚ್ಚರದಿಂದ ಇರಬೇಕಾಗಿ ವಿನಂತಿ.”

ನನ್ನನ್ನು ಕಂಡು ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಹಾರಂಗಿ ಯಾವಾಗಲೂ ತುಂಬಿಯೇ ಇರುತ್ತದೆ. ಅದೇ ವಾರ್ತೆಯಲ್ಲಿ ಕಾಣೆಯಾದ ಕೂಡ್ಲೂರು ಕಡೆಯ ಕಪ್ಪು ಕರು ಇನ್ನೂ ಸಿಕ್ಕಿಲ್ಲ. ಕಾಳುಮೆಣಸಿನ ಧಾರಣೆ ಏರಿಲ್ಲ, ಇಳಿದಿಲ್ಲ.

ಏಪ್ರಿಲ್ 12, ಶನಿವಾರ

ಸಂತೆಯ ದಿನ. ಇವತ್ತು ನಾನು ಮಾಡಿದ ಕೆಲಸ ಕುಸುಮಾಗೆ ಗೊತ್ತಾಗಬಾರದು.

ಬೀಗದ ವಿಷಯ ಊರಿಗೆಲ್ಲ ಹೇಳಿದವನೇ ಅಂಗಡಿಯ ಇನ್ನೊಂದು ಟಿವಿಗೆ ಆ ಪೆನ್‌ಡ್ರೈವ್ ಸಿಕ್ಕಿಸಿದೆ. ಅಕಸ್ಮಾತ್ ಓಡಿದರೆ ಎಂಬ ಆಸೆ. ಮುಳುಗುವವನಿಗೆ ಹುಲ್ಲುಕಡ್ಡಿ. ತೆರೆಯ ಮೇಲೆ ಏನೋ ಬಂತು, ಕನ್ನಡಕ ಹಣೆಯ ಮೇಲಿತ್ತು, ಹೊರಗೆ ಬಾಳೆಹಣ್ಣು ಮಾರುವವನ ಮೈಕಿನ ಗಲಾಟೆ. ಓಕೆ ಒತ್ತಲು ಬೆರಳು ಇಟ್ಟಾಗಿತ್ತು. ಕನ್ನಡಕ ಇಳಿಸಿ ನೋಡಿದೆ. ಇದರಲ್ಲಿರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿತ್ತು.

ಪೆನ್‌ಡ್ರೈವ್ ಕಿತ್ತುಕೊಂಡು ಸ್ಟೂಲಿನ ಮೇಲೆ ಕೂತೆ. ಅರ್ಧ ಶಟರ್ ಎಳೆದೆ.

ಏಪ್ರಿಲ್ 13, ಭಾನುವಾರ

ಟಿಕ್ ಟಿಕ್. ಬರೆಯಲು ಬೇರೇನೂ ಇಲ್ಲ.

ಏಪ್ರಿಲ್ 14, ಸೋಮವಾರ

ಇವತ್ತು ಕುಸುಮಾ ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

“ರೀ, ಕರು ಕಳ್ದಿದ್ದು ಆದ್ಮೇಲೆ ಏನು? ಮೆಣಸಿನ ರೇಟಾ, ಕರೆಂಟ್ ತೆಗಿಯೋದಾ?”

“ಕರೆಂಟು. ಆಲೂರು ಸಿದ್ದಾಪುರ ಫೀಡರ್. ಬೆಳಿಗ್ಗೆ ಹತ್ತರಿಂದ ಐದು. ಅದಾದ್ಮೇಲೆ ಮೆಣಸು.”

ಅವಳು ನನ್ನನ್ನೇ ನೋಡಿದಳು. ನಾನು ಸಾರು ಬಡಿಸಿಕೊಂಡೆ. ಯಾವಾಗಲೋ ಕಿವಿಗೆ ಬಿದ್ದಿರಬೇಕು. ಅಂಗಡಿ ಮುಚ್ಚಿ ಬಂದು ಜಗುಲಿಯಲ್ಲಿ ಚಪ್ಪಲಿ ಬಿಚ್ಚುವಾಗ ಕೆಲವು ದಿನ ಇನ್ನೂ ಓಡುತ್ತಿರುತ್ತಿತ್ತು. ಮುಗಿಯುವ ತನಕ ಒಳಗೆ ಹೋಗುತ್ತಿರಲಿಲ್ಲ, ಅಷ್ಟೆ.

ಆಮೇಲೆ ಅವಳು ಹೇಳಿದ್ದು ಇದು: “ಮಾತು ಹೆಂಗೋ ನೆನಪಿಗೆ ಬರ್ತದೆ. ಧ್ವನಿ ಬರ್ತಿಲ್ಲ ಕಣ್ರೀ. ಮೊದ್ಲು ಕಣ್ಣು ಮುಚ್ಚಿದ್ರೆ ಅವ್ಳ ಧ್ವನೀಲೇ ಕೇಳೋದು. ಈಗ ನನ್ ಧ್ವನೀಲೇ ಕೇಳ್ತದೆ.”

ನಾನೂ ಕಣ್ಣು ಮುಚ್ಚಿ ನೋಡಿದೆ. ನನಗೂ ಕೇಳಲಿಲ್ಲ.

ಏಪ್ರಿಲ್ 16, ಬುಧವಾರ

ಮೈಸೂರಿನಲ್ಲಿ ಹಳೇ ಸೆಟ್ಟು ಒಡೆದು ಬಿಡಿಭಾಗ ಮಾರುವವನೊಬ್ಬ ಇದ್ದಾನೆ. ಇದೇ ಮಾಡೆಲಿನ ಪವರ್ ಬೋರ್ಡು ಅವನ ಹತ್ತಿರ ಸಿಕ್ಕಿತು. ಬಸ್ಸಿಗೆ ಹಾಕಿಸಿಕೊಂಡೆ. ಕಂಡಕ್ಟರನ ಕೈಯಿಂದ ಇಸಿದುಕೊಳ್ಳುವಾಗ ಹೆರಿಗೆ ವಾರ್ಡಿನ ಮುಂದೆ ಮಗು ಎತ್ತಿಕೊಂಡವನ ಹಾಗೆ ನಗುತ್ತಿದ್ದೆನಂತೆ, ಗಂಗಣ್ಣ ಹೇಳಿದ.

ಬಲ್ಬಿನ ಮೂಲಕವೇ ಹಾಕಿದೆ. ಟಿಕ್, ಟಿಕ್, ಟಿಕ್.

ಫೋನು ಹಚ್ಚಿ ಮೈಸೂರಿನವನಿಗೆ ಬಾಯಿಗೆ ಬಂದಂತೆ ಬೈದೆ. ಸತ್ತ ಬೋರ್ಡು ಕೊಟ್ಟು ಮನೆ ಹಾಳು ಮಾಡುತ್ತೀಯಾ ಅಂದೆ. ಅವನು “ಓಡ್ಸಿ ನೋಡೇ ಕಳ್ಸಿದ್ದು ಸಾರ್, ನನ್ ಮಕ್ಳಾಣೆ” ಅಂದ. ಮಕ್ಕಳ ಮೇಲೆ ಆಣೆ ಹಾಕಬೇಡ ಎಂದು ಕಿರುಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಮನೆಯಲ್ಲಿ ಇನ್ನೂ ಕೆಟ್ಟದಾಯಿತು.

“ಆ ಬಲ್ಬೆಲ್ಲ ಬಿಟ್ಟು ಸೀದಾ ಪ್ಲಗ್ಗಿಗೇ ಹಾಕಿ ನೋಡಿ ಒಂದ್ಸಲ” ಅಂದಳು ಕುಸುಮಾ. “ಏನಾದ್ರೂ ಆಗ್ಲಿ. ಹಿಂಗೆ ಕಾಯಕ್ಕೆ ನನ್ ಕೈಲಾಗಲ್ಲ.”

“ಏನಾದ್ರೂ ಆಗ್ಲಿ ಅಂದ್ರೆ? ವೋಲ್ಟೇಜ್ ಹೆಚ್ಚಾಗಿ ಆಮೇಲೆ ಮೇನ್ ಬೋರ್ಡ್ ಸುಟ್ರೆ ನಿನ್ ಮಗಳು ಇನ್ನೊಂದ್ಸಲ ಸಾಯ್ತಾಳೆ. ಬೇಕಾ?”

ಆಡಿದ ಮಾತು, ಒಡೆದ ಮುತ್ತು. ಅವಳು ಲೋಟ ಕೆಳಗಿಟ್ಟು ಕೇಳಿದಳು:

“ನನ್ ಮಗಳಾ?”

ಅಷ್ಟೇ ಕೇಳಿದ್ದು. ಒಳಗೆ ಹೋಗಿ ಮಲಗಿದಳು.

ಏಪ್ರಿಲ್ 17, ಗುರುವಾರ

ಏಳು ಗಂಟೆಗೇ ಅಂಗಡಿ ಮುಚ್ಚಿದೆ. ಏಳೂವರೆಗೆ ಖಾಲಿ ಟಿವಿ ಸ್ಟ್ಯಾಂಡಿನ ಎದುರು ಕುಸುಮಾ ಒಂದು ಕುರ್ಚಿಯಲ್ಲಿ, ನಾನು ಒಂದು ಕುರ್ಚಿಯಲ್ಲಿ. ಅದರ ಹಿಂದಿನ ಗೋಡೆಯ ಮೇಲೆ ಟಿವಿ ಇದ್ದಷ್ಟು ಜಾಗ ಬೆಳ್ಳಗಿದೆ.

ಮಗಳ ಕೊನೆಯ ಜ್ವರದ ದಿನವೂ ನಾನು ಹೀಗೇ ಕೂತಿದ್ದೆ, ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ. ಊರಿನ ಸತ್ತ ಸೆಟ್ಟುಗಳಿಗೆಲ್ಲ ಜೀವ ಕೊಡುತ್ತೇನೆಂದು ಮೆರೆಯುತ್ತಿದ್ದವನು ಅವತ್ತು ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತಿದ್ದೆ. ನನ್ನಿಂದ ಏನೂ ಆಗಲಿಲ್ಲ. ಇದಾದರೂ ನನ್ನ ಕೆಲಸ, ನನಗೆ ಬರುವ ಕೆಲಸ. ಇದೂ ಆಗದಿದ್ದರೆ ನಾನು ಯಾತಕ್ಕೆ ಇದ್ದೇನೆ?

ವಿನುತಾ. ವಿನುತಾ. ವಿನುತಾ. ಬರೆದು ನೋಡಿದೆ.

ಏಪ್ರಿಲ್ 19, ಶನಿವಾರ

ಕ್ರಮವಾಗಿ ಬರೆಯಬೇಕು.

ಮಧ್ಯಾಹ್ನ ಮಾದಾಪುರದ ಪೊನ್ನಪ್ಪನವರು ಜೀಪಿನಲ್ಲಿ ತಮ್ಮ ಟಿವಿ ಹಾಕಿಕೊಂಡು ಬಂದರು. ಸಂತೆಗೆ ಬಂದವರು, ಸ್ಪೀಕರು ಗೊರಗೊರ ಅನ್ನುತ್ತದೆ, ನೋಡು ಅಂದರು. ಹಿಂದಿನ ಕವರು ಬಿಚ್ಚಿ, ಅಭ್ಯಾಸದಂತೆ ಬಲ್ಬಿನ ಮೂಲಕ ಕರೆಂಟು ಕೊಟ್ಟೆ. ಟಿಕ್, ಟಿಕ್, ಟಿಕ್.

“ಪೊನ್ನಪ್ಪನವರೇ, ಸ್ಪೀಕರ್ ಅಲ್ಲ. ನಿಮ್ದೂ ಪವರ್ ಸಪ್ಲೈ ಹೋಗಿದೆ.”

“ಎಂತ ಹೇಳ್ತಿ ಮಾರಾಯ? ಬೆಳಿಗ್ಗೆ ತಿಂಡಿ ತಿಂದ್ಕೊಂಡು ಇದ್ರಲ್ಲೇ ಹಾಕಿ ನೋಡಿ ಬಂದದ್ದು ನಾನು! ಇಲ್ಲಿ ಬರುವಾಗ ಜೀಪಲ್ಲಿ ಹೋಯ್ತಾ?”

“ಎರಡು ನಿಮಿಷ” ಅಂದೆ. ಅವರ ಟಿವಿಯನ್ನು ಬಲ್ಬು ಬಿಟ್ಟು ಸೀದಾ ಗೋಡೆಯ ಪ್ಲಗ್ಗಿಗೆ ಹಾಕಿದೆ. ಝಗ್ಗನೆ ಹತ್ತಿತು. ಬಲ್ಬಿನ ಮೂಲಕ ಹಾಕಿದರೆ ಟಿಕ್ ಟಿಕ್. ಸೀದಾ ಹಾಕಿದರೆ ಸರಿ. ಮೂರು ಸಲ ಮಾಡಿ ನೋಡಿದೆ.

ನೂರರ ಜಾಗದಲ್ಲಿ ನಲವತ್ತು ವ್ಯಾಟಿನ ಬಲ್ಬು! ಅಷ್ಟು ಸಣ್ಣ ಬಲ್ಬು ಬಿಡುವ ಕರೆಂಟು ಟಿವಿ ಏಳಲು ಸಾಲದು. ಎದ್ದು ಭಾರ ಹೊರಲು ಹೋದ ಕೂಡಲೇ ಬಲ್ಬು ಕುತ್ತಿಗೆ ಹಿಸುಕುತ್ತದೆ, ಟಿವಿ ಬೀಳುತ್ತದೆ. ಈ ಕಸುಬಿಗೆ ಕೂತ ಮೊದಲ ವಾರ ಕಲಿಯುವ ಪಾಠ ಇದು. ಸಪ್ಲೈ ಮೊದಲನೇ ದಿನವೇ ಸರಿಯಾಗಿತ್ತು. ಸರಿಯಾದದ್ದನ್ನೇ ಇಷ್ಟು ದಿನ ಬಿಚ್ಚಿ ಬಿಚ್ಚಿ ಸರಿ ಮಾಡುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಸೀದಾ ಹಾಕುವ ಧೈರ್ಯ ಬಂದಿದ್ದರೆ ಸಾಕಿತ್ತು. ಕುಸುಮಾ ಹೇಳಿದ್ದೂ ಅದನ್ನೇ.

ಪೊನ್ನಪ್ಪನವರು “ಎಂತ ಆಯ್ತು, ನೀರು ಬೇಕಾ?” ಅಂದರು. ನಗು ಬಂತು, ಅಳುವೂ ಬಂತು. ಸ್ಪೀಕರ್ ಸೋಮವಾರ ಮಾಡಿಕೊಡುತ್ತೇನೆ ಎಂದು ಅವರನ್ನು ಕಳಿಸಿ, ಮೈಸೂರಿನವನಿಗೆ ಫೋನು ಮಾಡಿ ತಪ್ಪಾಯಿತು ಅಂದೆ. ಅವನು ಪಾಪ, ಹೋಗ್ಲಿ ಬಿಡಿ ಸಾರ್ ಅಂದ.

ಆಮೇಲೆ ನಮ್ಮ ಬೋರ್ಡನ್ನು ಭಾರದ ಸಮೇತ ಸೀದಾ ಹಾಕಿದೆ. ಹನ್ನೆರಡು ವೋಲ್ಟ್. ನಿಂತಿತು. ಒಂದು ಕೂದಲೆಳೆ ಅಲ್ಲಾಡಲಿಲ್ಲ. ಇನ್ನು ಮೇನ್ ಬೋರ್ಡು. ಡ್ರಾಯರಿನಿಂದ ತೆಗೆದು ಜೋಡಿಸಿದೆ, ಸ್ವಿಚ್ಚಿನ ಮೇಲೆ ಕೈ ಇಟ್ಟೆ, ಒತ್ತಲು ಆಗಲಿಲ್ಲ. ಸಿಡಿಲು ಇದನ್ನೂ ಮುಟ್ಟಿದ್ದರೆ ಎಲ್ಲ ಮುಗಿದ ಹಾಗೆ. ಒಬ್ಬನೇ ಇದನ್ನು ನೋಡಲಾರೆ ಅನ್ನಿಸಿತು. ಟಿವಿಯನ್ನು ಹಾಗೇ ಆಟೋಕ್ಕೆ ಹಾಕಿಕೊಂಡು ಮನೆಗೆ ತಂದೆ. ಇನ್ನೂ ಆರು ಗಂಟೆ ಆಗಿರಲಿಲ್ಲ.

“ನೀನು ಒತ್ತು” ಅಂದೆ.

ಕುಸುಮಾ ಒತ್ತಿದಳು. ಕೆಂಪು ದೀಪ ಹೋಗಿ ನೀಲಿ ಬಂತು. ಟಿವಿ ಹತ್ತುವಾಗಿನ ಆ ಸಣ್ಣ ಸಂಗೀತವೂ ಬಂತು. ಮೇನ್ ಬೋರ್ಡು ಬದುಕಿದೆ! ಆದರೆ ತೆರೆ ಕಪ್ಪು. ಕಾದೆವು. ಕಪ್ಪೇ. ತೆರೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು ಹೋಗಿವೆ. ಚಿತ್ರ ಇದೆ, ಕಾಣಲು ಬೆಳಕಿಲ್ಲ. ಅವಳಿಗೆ ಹೇಗೆ ಹೇಳಲಿ ಎಂದು ಒದ್ದಾಡಿದೆ.

“ಕುಸುಮಾ, ಪಟ್ಟಿ ಮೈಸೂರಿಂದ ಬರ್ಬೇಕು. ಅಲ್ಲೀ ತನಕ ಮುಖ ಕಾಣಲ್ಲ.”

“ಧ್ವನಿ?”

“ಬರ್ಬಹುದು. ಆದ್ರೆ ಕಾಣದೇ ಇರೋ ತೆರೇಲಿ ಅದನ್ನ ಹುಡುಕೋದು ಹೆಂಗೆ?”

ಅವಳು ಪೆನ್‌ಡ್ರೈವ್ ಸಿಕ್ಕಿಸಿ ರಿಮೋಟು ತೆಗೆದುಕೊಂಡಳು. ಕಪ್ಪು ತೆರೆಯನ್ನು ನೋಡುತ್ತ, ಜಪಮಣಿ ಎಣಿಸುವವಳ ಹಾಗೆ, ಕೆಳಗೆ, ಕೆಳಗೆ, ಬಲಕ್ಕೆ, ಓಕೆ, ಮತ್ತೆ ಓಕೆ ಒತ್ತಿದಳು. ಎರಡು ವರ್ಷ ಒತ್ತಿದ ಬೆರಳು ಅದು.

“ವೀಕ್ಷಕರಿಗೆ ನಮಸ್ಕಾರ. ನಾನು ವಿನುತಾ ಶಿವಪ್ರಕಾಶ್.”

ನನ್ನ ಹೆಸರು ಅದರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಜಗುಲಿಗೆ ಶುರುವಿನದು ಯಾವತ್ತೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಗಂಡಸು, ವಯಸ್ಸಾದವನು, ಏನೂ ನೋಡದೆ ಬಾಯಿ ಬಿಟ್ಟು ಅತ್ತೆ. ಕುಸುಮಾ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು, ಬಿಸಿಲಿಗೆ ಮುಖ ಒಡ್ಡಿದವಳ ಹಾಗೆ ಕೂತು ಕೇಳುತ್ತಿದ್ದಳು. ಹಾರಂಗಿ ತುಂಬಿತು. ಕರು ಕಾಣೆಯಾಯಿತು. ಫೀಡರಿನ ಕರೆಂಟು ಹೋಗುವ ಮುಂಚೆ ಮಗಳದೊಂದು ಸಣ್ಣ ಕೆಮ್ಮು ಇತ್ತು, ಅದನ್ನು ನಾವಿಬ್ಬರೂ ಮರೆತಿದ್ದೆವು.

ಮುಗಿಯಿತು.

“ಇನ್ನೊಂದ್ಸಲ ಹಾಕು” ಅಂದೆ. ಅಂದದ್ದು ನಾನು.

ಅವಳು ಮತ್ತೆ ಹಾಕಿದಳು. ನನಗೆ ಕೇಳಿದರೆ ಸಾಲದಾಯಿತು, ನೋಡಬೇಕಿತ್ತು. ಬೆಳಕು ಸತ್ತ ತೆರೆಗೆ ಹತ್ತಿರದಿಂದ ಓರೆಯಾಗಿ ಟಾರ್ಚು ಬಿಟ್ಟರೆ ಒಳಗಿನ ಚಿತ್ರ ಮಸುಕಾಗಿ ಕಾಣುತ್ತದೆ, ಗಿರಾಕಿಗಳ ಸೆಟ್ಟಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಕಿಟಕಿಯ ಪರದೆ ಎಳೆದು, ಮೊಬೈಲಿನ ಟಾರ್ಚು ಹಚ್ಚಿ ತೆರೆಯ ಹತ್ತಿರ ಕೂತೆ. ಮೊದಲು ಮೇಜಿನ ತುದಿ ಸಿಕ್ಕಿತು. ಆಮೇಲೆ ಕೈ, ಕೈಯಲ್ಲಿ ಕಾಗದ. ದುಪಟ್ಟಾ. ಬೆಳಕು ಬಿದ್ದಷ್ಟೇ ಜಾಗದಲ್ಲಿ ಅವಳು ಇದ್ದಳು, ಮಿಕ್ಕ ಕಡೆ ಕತ್ತಲೆ. ಟಾರ್ಚನ್ನು ಮೆಲ್ಲಗೆ ಮೇಲೆ ತಂದೆ. ಗಲ್ಲ, ಬಾಯಿ, ಮೂಗು. ವಿನುತಾ ಕಾಗದದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಇನ್ನೂ ಹತ್ತಿರ ಹಿಡಿದೆ.

ಹಿಂದಿನಿಂದ ಕುಸುಮಾ ಅಂದಳು, “ರೀ, ಟಾರ್ಚು ಸ್ವಲ್ಪ ಕೆಳಗೆ ಹಿಡೀರಿ. ಮಗು ಕಣ್ಣಿಗೆ ಹೊಡಿತದೆ.”

ನಾನು ಕೆಳಗೆ ಹಿಡಿದೆ.